ಮಾಸ್ತರರ ಪಾಲು

ಬೆಟಗೇರಿಯ ನಮ್ಮ ಮನೆಗೆ ಬಾಡಿಗೆಗೆ ಬಂದ ಮರುದಿನವೇ ಮಾಸ್ತರರಿಂದ ದೊಡ್ಡ ರಾದ್ಧಾಂತವಾಯಿತು. ಬೆಳಿಗ್ಗೆ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತು ಅವ್ವನಿಗೆ, "ಎನಗೆ ಪಾಲು ಬೇಕು" ಎಂದರು.

ಅವ್ವ ಉರಿದುಬಿದ್ದಳು. ಆಗ ನನ್ನ ಕಾಕಾಂದಿರು ಇದೇ ಮನೆಯಲ್ಲಿ ಪಾಲು ಕೇಳಿ ಅಪ್ಪನ ಜೀವ ತಿನ್ನುತ್ತಿದ್ದರು. "ಏನ್ರಿ, ಇಲ್ಲೆ ಬರ್ರಿ! ಹಾಸಿಗಿ ಇನ್ನೂ ಬಿಚ್ಚಿಲ್ಲ, ಆಗಲೇ ಪಾಲು ಕೇಳಾಕ ಹತ್ಯಾನ ಈ ಬಾಡಿಗಿಯಾಂವ!"

ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಅಪ್ಪ ಹೊರಬಂದು, ತಂಬಿಗೆ ನೋಡಿ, ನಗು ತಡೆಯದೆ ಕಟ್ಟೆಯ ಮೇಲೆ ಕುಳಿತುಬಿಟ್ಟ. "ಹಾಲು ಕೇಳಾಕ ಹತ್ಯಾರ, ಹುಚ್ಚಿ! ಹಳಗನ್ನಡದಾಗ ಹಾಲಿಗೆ ಪಾಲು ಅಂತಾರ."

ಮಾಸ್ತರರು ಕರಾಚಿಯವರು. ಪುಸ್ತಕದಲ್ಲಿ ಅಚ್ಚಾದ ಲಕ್ಷ್ಮೇಶ್ವರದ ಶಾಸನಗಳನ್ನು ಅಲ್ಲೇ ಓದಿ ಕನ್ನಡ ಕಲಿತಿದ್ದರು. ದೇಶ ಇಬ್ಭಾಗವಾದಾಗ ಮನೆಮಾರು ಬಿಟ್ಟು ಮುಂಬೈಗೆ ಬಂದು, ಅಲ್ಲಿಂದ ಗದಗಿನ ಕಾಲೇಜಿಗೆ ಇತಿಹಾಸ ಕಲಿಸಲು ಬಂದರು. ಕಲ್ಲಿನ ಕನ್ನಡ ಬರುತ್ತಿತ್ತು, ಸಂತೆಯ ಕನ್ನಡ ಬರುತ್ತಿರಲಿಲ್ಲ. ಅದನ್ನು ಅವ್ವ ಬೈದು ಬೈದು ಕಲಿಸಿದಳು. ಒಂದೆರಡು ವರ್ಷದಲ್ಲಿ ಅವರೇ ನನಗೆ "ಜಲ್ದಿ ನಡೀಲೇ, ಶಾಲಿ ಗಂಟಿ ಹೊಡೀತು" ಎಂದು ಗದರುವಷ್ಟಾದರು. ರಜೆ ಬಂದರೆ ಸೈಕಲ್ ಹತ್ತಿ ಶಿರಹಟ್ಟಿ, ಮುಂಡರಗಿ ಕಡೆ ಶಾಸನ ಹುಡುಕಲು ಹೋಗುತ್ತಿದ್ದರು. ನಮ್ಮ ಸೀಮೆಯ ಇತಿಹಾಸವನ್ನು ನಮಗೆ ಹೇಳಿಕೊಟ್ಟವರು ಈ ಪರದೇಶಿಯೇ.

ಆದರೆ ಯಾರಾದರೂ "ನಿಮ್ದು ಯಾವೂರ್ರಿ?" ಎಂದರೆ ಗಪ್ಪಾಗುತ್ತಿದ್ದರು. ನಮ್ಮ ಕಡೆ ನೀರು ಕೊಡುವ ಮೊದಲೇ ಕೇಳುವ ಪ್ರಶ್ನೆ ಅದು! ಕರಾಚಿ ಎನ್ನೋಣವೆಂದರೆ ಅದು ಬೇರೆ ದೇಶವಾಗಿತ್ತು. ಬೆಟಗೇರಿ ಎನ್ನಲು ಅವರಿಗೆ ಅಂಜಿಕೆ.

ಕನ್ನಡ ನಾಡು ಒಂದಾದ ದಿನ ಓಣಿಯಲ್ಲೆಲ್ಲ ಪೇಡೆ ಹಂಚಿದೆವು. ಮಾಸ್ತರರು ಪೇಡೆಯನ್ನು ಕೈಯಲ್ಲೇ ಹಿಡಿದು ನಿಂತರು. "ಎಲ್ಲಾರಿಗೂ ಅವರವರ ನಾಡು ಸಿಕ್ತು, ಅವ್ವಾರ. ನಾ ಸತ್ರ ಯಾವೂರಾಂವ ಅಂತ ಹೇಳ್ತೀರಿ?"

"ಹಬ್ಬದ ದಿನ ಎಂಥಾ ಮಾತ್ರಿ ಅದು! ತಿನ್ರಿ ಮೊದಲ" ಎಂದು ಅವ್ವ ರೇಗಿದಳು.

ಕೆಲವು ವರ್ಷಗಳ ಮೇಲೆ, ನಮ್ಮ ಮನೆಯಲ್ಲೇ, ಜ್ವರ ಬಂದು ತೀರಿಕೊಂಡರು. ಮದುವೆಯಾಗಿರಲಿಲ್ಲ. ಮುಂಬೈಯಿಂದ ಅವರ ತಮ್ಮ ಬಂದು ಕ್ರಿಯೆ ಮಾಡಿದರು. ಅಸ್ಥಿಯನ್ನು ನಾಸಿಕಕ್ಕೆ ಒಯ್ಯಲು ಗಡಿಗೆ ಹಿಡಿದು ಹೊರಟಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು. ಅವಳ ಕೈಯಲ್ಲಿ ಮಾಸ್ತರರ ಹಾಲಿನ ತಂಬಿಗೆ ಇತ್ತು.

"ಅದರಾಗ ನಮ್ದೂ ಪಾಲು ಐತ್ರಿ" ಎಂದಳು.

ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿದ್ದ ನಮ್ಮವ್ವ! ನನಗೆ ಅಳು ತಡೆಯಲಾಗಲಿಲ್ಲ. ಅಪ್ಪ ಹಿಂದಿಯಲ್ಲಿ ತಿಳಿಸಿ ಹೇಳಿದ. ಮಾಸ್ತರರ ತಮ್ಮ ಗಡಿಗೆಯ ಬಾಯಿ ಬಿಚ್ಚಿ ಒಂದಿಷ್ಟು ಕೊಟ್ಟರು.

ಮರುದಿನ ಹಮ್ಮಿಗಿಗೆ ಹೋಗಿ ತುಂಗಭದ್ರೆಯಲ್ಲಿ ಬಿಟ್ಟೆವು. ದಂಡೆಯಲ್ಲಿದ್ದ ಅಂಬಿಗ ಕೇಳಿದ, "ತೀರಿಕೊಂಡವರು ಯಾವೂರವರ್ರಿ?"

ಅವ್ವ ತಂಬಿಗೆ ತೊಳೆಯುತ್ತ ತಲೆ ಎತ್ತದೆ ಹೇಳಿದಳು: "ಬೆಟಗೇರ್ಯಾವ್ರು."