ನಗದೇ ಕುಳಿತ ತಂಗಿ

ಅಂದು ತಾಟಿನಲ್ಲಿದ್ದದ್ದು ಅವಲಕ್ಕಿಯೋ ಉಪ್ಪಿಟ್ಟೋ, ನನ್ನ ನೆನಪು ತಪ್ಪಿರಬಹುದು. ತಂಗಿ ನಗಲಿಲ್ಲ ಎಂಬುದು ಮಾತ್ರ ಖಚಿತ. ಅವಳನ್ನು ನೋಡಲು ಮೈಸೂರಿನಿಂದ ಸಿಂದಗಿಗೆ ಬಂದಿದ್ದ ಗಂಡಿನವರು ವಾಪಸು ಹೋಗಿ ಮರುದಿನ ಫೋನ್ ಮಾಡಿದರು: "ಹುಡುಗಿ ಮುಖ ಗಂಟು ಹಾಕ್ಕೊಂಡೇ ಕೂತಿದ್ಲಲ್ಲ. ಇಷ್ಟ ಇಲ್ಲ ಅನ್ಸುತ್ತೆ, ಬೇಡ ಬಿಡಿ."

ಸೋದರತ್ತೆ ಸಿಡಿದಳು. "ಕನ್ಯಾ ನೋಡಾಕ ಬಂದವ್ರ ಮುಂದ ಹಲ್ಲ ಕಿಸೀಬ್ಯಾಡಂತ ನಾನೇ ಹೇಳಿದ್ನಿ! ನಕ್ಕಿದ್ರ ಚೆಲ್ಲು ಹುಡುಗಿ ಅಂತಿದ್ರು. ಇವ್ರಿಗೆ ಮರ್ಯಾದಿ ಅಂದ್ರ ಗೊತ್ತಿಲ್ಲೇನು?"

ಅಪ್ಪ, ಕಾಕಾ, ಅತ್ತೆ ಸಂಜೆಯವರೆಗೂ ಆ ಮುಖದ ಅರ್ಥವನ್ನೇ ಜಗ್ಗಾಡಿದರು. ಮುಖದ ಒಡತಿ ಒಳಗೆ ಎಲ್ಲರ ಚಹಾದ ಕಪ್ಪು ತೊಳೆಯುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ನನಗೆ ತಲೆ ಚಿಟ್ಟು ಹಿಡಿಯಿತು.

ಹೋಗಿ ಕೇಳಿದೆ: "ನಿನಗ ಮನಸಿತ್ತೇನವಾ?" ಅದೇ ಬಿಗಿದ ಮುಖದಿಂದ ನನ್ನನ್ನು ನೋಡಿದಳು. ಈಗ ಆ ಮುಖದ ಅರ್ಥವನ್ನು ನಾನೂ ಜಗ್ಗಾಡುತ್ತಿದ್ದೇನೆ.