ತತ್ತಿಸಿಪ್ಪೆ ಮತ್ತು ಬಸವನಹುಳುವಿನ ಶೆಲ್

ಇವತ್ತಿಗೂ ನೆನೆದರೆ ನನಗೆ ಸಿಟ್ಟು ಬರುತ್ತದೆ. ಅಪ್ಪ ನಾಸಿಕದ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿದ್ದರು. ಅರವತ್ತರ ದಶಕದ ಒಂದು ಮಳೆಗಾಲದಲ್ಲಿ ಅವರ ಸೈಕಲ್ ತಗುಲಿ ಬಸವನಹುಳುವೊಂದರ ಚಿಪ್ಪು ಬಿರುಕು ಬಿಟ್ಟಿತು.

"ಸುಣ್ಣದ ಅಂಶ ಸಿಕ್ಕರೆ ಸಣ್ಣ ಬಿರುಕನ್ನು ಅದೇ ರಿಪೇರಿ ಮಾಡಿಕೊಳ್ಳುತ್ತದೆ. ಎಗ್‌ಶೆಲ್ ಹಾಕು," ಎಂದರು ನಾಸಿಕದ ನಮ್ಮ ಕಾನ್ವೆಂಟಿನ ಸಿಸ್ಟರ್. ಪಕ್ಕದ ಮನೆಯ ಆಂಟಿಯಿಂದ ಸಿಪ್ಪೆ ತಂದು, ಬಿಸ್ಕತ್ತಿನ ಡಬ್ಬಿಯಲ್ಲಿದ್ದ ನನ್ನ ಪೇಷೆಂಟ್ ಮುಂದಿಟ್ಟೆ. ಬೀದರಿನಿಂದ ಬಂದಿದ್ದ ಅಜ್ಜಿ ನೋಡಿಬಿಟ್ಟರು.

"ಲಿಂಗ ಕಟ್ಟಿದವರ ಮನ್ಯಾಗ ತತ್ತಿ ತಂದೀಯೇನ?"

"ತತ್ತಿ ಅಲ್ಲರಿ ಅಜ್ಜಿ, ಬರೇ ಸಿಪ್ಪಿ! ಇಲ್ಲಾಂದ್ರ ಅದು ಸಾಯ್ತದರಿ!"

"ಹುಳಕ್ಕ ದವಾಖಾನಿ ತೆರ್ದಾಳ ನೋಡ್ರಿ ಡಾಕ್ಟರೀಣಿ!" ಎನ್ನುತ್ತ ಹುಳುವಿನ ಸಮೇತ ಡಬ್ಬಿಯನ್ನೇ ಹಿತ್ತಲಿಗೆ ಎಸೆದರು. ಎಂಥ ಅನ್ಯಾಯ! ನಾನು ಅಜ್ಜಿಯೊಡನೆ ಠೂ ಬಿಟ್ಟೆ.

ಕೆಲವು ವಾರಗಳ ನಂತರ ಅದೇ ಹುಳು ಹಿತ್ತಲ ಗೋಡೆಯ ಸುಣ್ಣವನ್ನು ಕೆರೆದು ತಿನ್ನುತ್ತಿರುವುದನ್ನು ಕಂಡೆ. ಬಿರುಕಿನ ಮೇಲೆ ಬಿಳಿಚಿದ, ಒರಟಾದ ತೇಪೆ ಬಂದಿತ್ತು. ಅಜ್ಜಿ ನಾಚಿಕೊಳ್ಳಲಿ ಎಂದು ಕೈಹಿಡಿದು ಎಳೆದು ತಂದು ತೋರಿಸಿದೆ.

"ನೋಡು, ನಮ್ಮ ಮನಿ ಸುಣ್ಣ ತಿಂದೇ ನೆಟ್ಟಗಾಗ್ಯಾದ! ನಾ ಹೊರಗ ಹಾಕಿದ್ದಕ್ಕs ಬದುಕ್ತು," ಎಂದು ಬೀಗಿದರು.

ಎಸೆದವರಿಗೇ ಕ್ರೆಡಿಟ್! ಜಸ್ಟ್ ಇಮ್ಯಾಜಿನ್!