ನಾಲ್ಕು ಕೋರ್, ಒಂದು ಉಪ್ಪಿನ ಡಬ್ಬಿ

ಮಕ್ಕಳೇ, ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ದಿಗಿಲಾದರಂತೂ ಒಲೆಯ ಎಲ್ಲ ಬರ್ನರ್ ಹಚ್ಚಿ, ಯಾವುದರ ಮೇಲೆ ಏನಿಟ್ಟೆ ಎಂಬುದನ್ನೇ ಮರೆಯುತ್ತೇನೆ. ಹೋದ ವಾರ ಆ ದಿಗಿಲು ತಂದವಳು ನಿಮ್ಮ ಸಿಂಧು ಅಕ್ಕ.

ಅವಳು ದುರ್ಗಿಗುಡಿಯ ನನ್ನ ಮನೆಯಿಂದ ದಿನಾ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ, ಒಂದು ಕಾಲೇಜಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಾಳೆ. ಅಲ್ಲೊಂದು ಪ್ರಾಕ್ಸಿ ಸರ್ವರ್ ಇದೆಯಂತೆ. ಒಬ್ಬ ಹುಡುಗಿ ಕೇಳಿದ ಇಂಟರ್ನೆಟ್ ಪುಟವನ್ನು ಹೊರಗಿನಿಂದ ತಂದು, ಒಂದು ಪ್ರತಿ ಇಟ್ಟುಕೊಂಡು, ಮುಂದಿನವಳು ಅದನ್ನೇ ಕೇಳಿದರೆ ಒಳಗಿನಿಂದಲೇ ಕೊಡುತ್ತದೆ. ನಾನು ಸಾರಿನ ಪುಡಿ ಮಾಡಿಟ್ಟುಕೊಂಡ ಹಾಗೆ. ಆದರೆ ಅದಕ್ಕೆ ನಾಲ್ಕು ಕೋರ್, ಅಂದರೆ ಕೆಲಸ ಮಾಡುವ ನಾಲ್ಕು ಕೈ, ಇದ್ದರೂ ದುಡಿಯುತ್ತಿದ್ದುದು ಒಂದೇ. ಉಳಿದವು ಬೀಗರ ಹಾಗೆ ಕೂತಿದ್ದವು, ಪುಟಗಳು ತೆವಳಿಕೊಂಡು ಬರುತ್ತಿದ್ದವು. ಸೋಮವಾರ ಇಡೀ ಕಾಲೇಜಿಗೆ ಆನ್‌ಲೈನ್ ಪರೀಕ್ಷೆ. ಅಂದು ಪುಟ ತೆರೆಯದಿದ್ದರೆ ಸಿಂಧುವನ್ನು ಕೆಲಸದಿಂದ ಬಿಡಿಸಿ ಬೇರೆಯವರನ್ನು ತರುವುದಾಗಿ ಪ್ರಿನ್ಸಿಪಾಲರು ಹೇಳಿದ್ದರು.

ಶನಿವಾರ ಅವಳು ಸೆಟ್ಟಿಂಗ್ ಬದಲಿಸಿ ನಾಲ್ಕಕ್ಕೂ ಕೆಲಸ ಹಚ್ಚಿದಳು. ಮಧ್ಯಾಹ್ನ ಫೋನು.

“ಅಜ್ಜಿ, ಮೊದ್ಲೇ ವಾಸಿ ಇತ್ತು ಮಾರಾಯ್ತಿ! ಈಗ ಪೂರ್ತಿ ನಿಂತೋಯ್ತು.”

“ನಾಲ್ಕು ಕೈ ಸೇರಿದ್ರೆ ಬೇಗ ಆಗ್ಬೇಕಲ್ವೇನೇ?”

“ತಂದ ಪುಟಗಳನ್ನ ನಾಲ್ಕೂ ಒಂದೇ ಕಪಾಟಿಗೆ ತುಂಬ್ತಿವೆ. ಒಂದು ಇಟ್ಟಿದ್ರ ಮೇಲೇ ಇನ್ನೊಂದು ಇಡುತ್ತೆ. ಒಂದೊಂದಕ್ಕೂ ಬೇರೆ ಕಪಾಟು ಮಾಡ್ಬೇಕು. ಫೋನ್ ಇಡು.”

ಇಟ್ಟೆ. ನೆನಪಾದದ್ದು ಅವಳದೇ ನಾಮಕರಣ. ನಮ್ಮಲ್ಲಿ ಎಷ್ಟು ಜನ ಅಡಿಗೆಗೆ ನಿಂತರೂ ಉಪ್ಪು ಹಾಕುವವಳು ಒಬ್ಬಳೇ; ಯಾರೆಂದು ಒಲೆ ಹಚ್ಚುವ ಮೊದಲೇ ಹಿರಿಯರು ಹೇಳಿಬಿಡುತ್ತಾರೆ. ಅಂದು ಹೇಳಬೇಕಾದವರು ತೊಟ್ಟಿಲ ಹತ್ತಿರ ಮೈಮರೆತಿದ್ದರು. ನಾವು ನಾಲ್ವರು ಓರಗಿತ್ತಿಯರು. ಕೇಳಲು ನನಗೆ ಸಂಕೋಚ, ಉಳಿದವರಿಗೆ ಬಿಂಕ. ಒಬ್ಬೊಬ್ಬರೂ ಹುಳಿಗೆ ಒಂದೊಂದು ಹಿಡಿ ಹಾಕಿದೆವು. ಈಗಿಲ್ಲದ ನಿಮ್ಮ ತಾತ ಮೊದಲ ತುತ್ತಿಗೇ, “ಸಮುದ್ರಸ್ನಾನಕ್ಕೆ ಗೋಕರ್ಣಕ್ಕೆ ಹೋಗೋದು ತಪ್ತು” ಎಂದಿದ್ದರು. ಈ ಕಥೆ ಸಿಂಧುವಿಗೆ ಬಾಯಿಪಾಠ.

ಭಾನುವಾರ ಅವಳು ಮತ್ತೆ ಹೋಗಿ ಕಪಾಟುಗಳನ್ನು ಬೇರೆ ಮಾಡಿ ಬಂದಳು. ಆದರೆ ರಜೆಯ ಕಾಲೇಜಿನಲ್ಲಿ ಪುಟ ಕೇಳಿ ನೋಡಲು ಮಕ್ಕಳೆಲ್ಲಿ?

ಸೋಮವಾರ ಸಾರಿಗಿಟ್ಟು ಬಾಗಿಲಿಗೆ ಹೋದೆ. ಸಿಂಧುವಿನ ಬಸ್ಸು ದಾರಿಯ ಮಲವಗೊಪ್ಪ ದಾಟಿರಬಹುದು ಎಂದುಕೊಂಡು ಬಂದು ಸಾರು ನೋಡಿದೆ. ತುಳಸಿಗೆ ನೀರು ಹಾಕಿದೆ. ಮಕ್ಕಳು ಪರೀಕ್ಷೆಗೆ ಕೂತಿರಬಹುದು ಎಂದುಕೊಂಡು ಮತ್ತೆ ಸಾರು ನೋಡಿದೆ. ಫೋನನ್ನು ಸೆರಗಿನಿಂದ ಒರೆಸಿದೆ. ಮತ್ತೆ ಸಾರು. ಅಂತೂ ಫೋನು ಬಂತು.

“ಓಡ್ತಿವೆ ಅಜ್ಜಿ, ನಾಲ್ಕೂ ಓಡ್ತಿವೆ! ಪ್ರಿನ್ಸಿಪಾಲರು ನಕ್ಕರು. ಅವ್ರ ಹಲ್ಲು ನೋಡಿದ್ದು ಇವತ್ತೇ.”

ಸಂಜೆ ಬಂದವಳೇ ಊಟಕ್ಕೆ ಕೂತಳು. ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದಳು.

“ಅಜ್ಜಿ, ಓರಗಿತ್ತೀರೆಲ್ಲ ಬಂದಿದ್ರಾ?”

ಯಾರೂ ಬಂದಿರಲಿಲ್ಲ. ಬಾಗಿಲಲ್ಲಿ ನಿಂತವಳು, ಬಸ್ಸಿನ ಹಿಂದೆ ಹೋದವಳು, ಫೋನು ಕಾಯುತ್ತಿದ್ದವಳು, ಎಲ್ಲರೂ ನಾನೇ. ಒಬ್ಬೊಬ್ಬಳೂ ಬಂದು ಉಪ್ಪು ಹಾಕಿ ಹೋಗಿದ್ದಳು. ಯಂತ್ರಕ್ಕಾದರೆ ಬೇರೆ ಕಪಾಟು ಮಾಡಿಕೊಡಬಹುದು, ಮನಸ್ಸಿಗೆ ಹೇಗೆ?

ಮಜ್ಜಿಗೆ ತರಲು ಎದ್ದೆ. ಸಿಂಧು ಎಡಗೈಯಲ್ಲಿ ನನ್ನ ಸೆರಗು ಹಿಡಿದಳು.

“ಕೆಲಸ ಉಳೀತಲ್ಲಜ್ಜಿ, ಇನ್ನಾದ್ರೂ ಕೂತ್ಕೋ.”

ಕೂತೆ.